ಹದಿನೈದು ಸುತ್ತು

ನಮ್ಮ ಮನೆಗೆ ಗ್ರಾಮಾಫೋನು ಬಂದಿದ್ದೂ, ನನ್ನ ನಾದಿನಿ ಸರ್ವಮಂಗಳೆ ದನಿ ಕಳಕೊಂಡು ಬಂದಿದ್ದೂ ಒಂದೇ ದಿನ. ಮಧುಗಿರಿ ಪೇಟೆ ಬೀದಿಯಲ್ಲಿ ಮೋಟಾರು ಇಳಿದು, ಕೂಲಿಯವನ ತಲೆ ಮೇಲೆ ಪೆಟ್ಟಿಗೆ ಹೊರಿಸಿಕೊಂಡು ಬಾಗಿಲಲ್ಲಿ ನಿಂತು "ಅತ್ತಿಗೆ" ಅಂದಳು. ನಾನು ಯಾರೋ ಭಿಕ್ಷಕ್ಕೆ ಬಂದವರು ಅಂದುಕೊಂಡು ತಲೆ ಎತ್ತಿದೆ. ಗಟ್ಟಿನೆಲದ ಮೇಲೆ ಒಣ ಪೊರಕೆ ಎಳೆದ ಹಾಗಿತ್ತು ಆ ದನಿ.

ಆಗ ನಾಲ್ವಡಿಯವರ ಕಾಲ. ಮಂಗಳೆಯನ್ನು ಕೊರಟಗೆರೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ತವರಿಗೆ ತಿರುಗಿ ಬಂದಳು. ಎರಡು ವರ್ಷ ನನ್ನ ಜತೆ ರಾಗಿ ಬೀಸಿದಳು. ಬೀಸುವಾಗ ಹಾಡುತ್ತಿದ್ದಳು. ಊರಿಗೆ ನಾಟಕದ ಕಂಪನಿ ಬಂದು ಎರಡು ತಿಂಗಳು ಡೇರೆ ಹಾಕಿತ್ತು. ಅದು ಗಾಡಿ ಕಟ್ಟಿ ಹೊರಟ ದಿನ ಇವಳೂ ಇರಲಿಲ್ಲ. ಹನ್ನೆರಡು ವರ್ಷ ರಾಣಿ ವೇಷ ಹಾಕಿದಳು. ಆ ನಡುವೆ ಬೆಂಗಳೂರಿನಲ್ಲಿ ಅವಳ ಹಾಡು ಗ್ರಾಮಾಫೋನಿನ ಪ್ಲೇಟು ಆಯಿತು. ಕಾಡಿನಲ್ಲಿ ಮಗುವನ್ನೆತ್ತಿಕೊಂಡು ನಡೆಯುವ ರಾಣಿ ಹಾಡುವ ಹಾಡು ಅದು: "ಎಲ್ಲಿ ಮಲಗಿಸಲಿ ಕಂದಾ, ನೆರಳಿಲ್ಲದ ದಾರಿಯಲಿ". ಶಿರಾದ ಕಾಫಿ ಹೋಟಲಿನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಅದೇ ಅಂತ ನಮ್ಮ ಅಂಗಡಿಗೆ ಬಂದವರು ಹೇಳೋರು. ನಮ್ಮ ಯಜಮಾನರು ರುದ್ರಯ್ಯ ಬೆಲ್ಲ ತೂಗುತ್ತ ಕೇಳಿಸದವರ ಹಾಗೆ ಇರೋರು.

ದಾವಣಗೆರೆ ಮೊಕ್ಕಾಮಿನಲ್ಲಿ ಅವಳಿಗೆ ವಿಷಮಶೀತ ಜ್ವರ ಬಂತು. ನಲವತ್ತು ದಿನ ಮಲಗಿ ಎದ್ದಾಗ ದನಿ ಇರಲಿಲ್ಲ. ಹಾಡದ ರಾಣಿ ಕಂಪನಿಗೆ ಯಾಕೆ ಬೇಕು? ಕೊಡಬೇಕಾದ ಸಂಬಳಕ್ಕೆ ಬದಲು ಒಂದು ಹಳೇ ಗ್ರಾಮಾಫೋನನ್ನೂ ಅವಳ ಹಾಡಿನ ಪ್ಲೇಟನ್ನೂ ಹೊರಿಸಿ ಕಳಿಸಿಕೊಟ್ಟರು.

ನಮ್ಮತ್ತೆ ಚನ್ನಮಲ್ಲಮ್ಮ ಹೊಸ್ತಿಲಿಗೆ ಅಡ್ಡ ಕೂತು ಅವರೆಕಾಳು ಸುಲಿಯುತ್ತಿದ್ದರು. ಮಗಳನ್ನು ಕಾಲಿಂದ ತಲೆ ತನಕ ನೋಡಿದರು.

"ಕೊಳ್ಳಾಗೆ ಲಿಂಗ ಐತೇನೆ?"

ಮಂಗಳೆ ಸೆರಗು ಸರಿಸಿ ಬೆಳ್ಳಿ ಕರಡಿಗೆ ತೋರಿಸಿದಳು. ಹನ್ನೆರಡು ವರ್ಷ ಯಾವ ವೇಷದ ಒಳಗೂ ಅದನ್ನು ತೆಗೆದಿರಲಿಲ್ಲ.

"ಅಂಗಾದ್ರೆ ಒಳಕ್ ಬಾ. ಆ ಪೆಟ್ಗೆ ಏನು, ಅದಕ್ಕೂ ಮುದ್ದೆ ಇಕ್ಬೇಕಾ?" ಅಂದರು ಅತ್ತೆಮ್ಮ.

ಯಜಮಾನರು ತಂಗಿಯ ಜತೆ ಮಾತಾಡಲಿಲ್ಲ. ಎದುರಿಗೇ ಕೂತಿದ್ದರೂ "ನಿನ್ ನಾದ್ನಿಗೆ ಇನ್ನೊಂದಿಷ್ಟು ಸಾರು ಬೇಕೇನೋ ಕೇಳು" ಅಂತ ನನಗೆ ಹೇಳೋರು. ನಾನು ಅದನ್ನೇ ತಿರುಗಿಸಿ ಹೇಳುವುದು. ವರ್ಷದ ಮೇಲೆ ನಮ್ಮನೆ ಊಟ ಹೀಗೇ ನಡೆಯಿತು.

ಗ್ರಾಮಾಫೋನು ನನ್ನ ಪಾಲಿಗೆ ಬಂತು. ಮಂಗಳೆ ಅದನ್ನು ಮುಟ್ಟುತ್ತಿರಲಿಲ್ಲ. ಪ್ಲೇಟು ಹಾಕಿದರೆ ಎದ್ದು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯೋಳು. ಅವಳ ಸಂಕಟ ಅವಳಿಗೆ ಅಂತ ನಾನು ಕೇಳುತ್ತಿರಲಿಲ್ಲ. ಶಿರಾದಿಂದ ಸಂತೆಗೆ ಬರುವ ಗಡಿಯಾರದ ಸಾಬರು ಒಮ್ಮೆ ಪೆಟ್ಟಿಗೆ ಬಿಚ್ಚಿ ನೋಡಿದರು.

"ಸ್ಪ್ರಿಂಗು ದಣಿದೈತೆ ಅಮ್ಮಾ. ಹದಿನೈದು ಸುತ್ತು, ಬಸ್. ಜಾಸ್ತಿ ಆಸೆ ಪಟ್ರೆ ಖತಮ್."

ಅವತ್ತಿನಿಂದ ನಾನು ಹದಿನೈದೇ ಸುತ್ತು ತಿರುಗಿಸುತ್ತಿದ್ದೆ. ರಾಗಿ ಅಳೆಯುವ ಹಾಗೆ ಎಣಿಸಿ ತಿರುಗಿಸುತ್ತಿದ್ದೆ. ಮಧ್ಯಾಹ್ನ ಊಟ ಆಗಿ, ಮುಸುರೆ ತಿಕ್ಕಿ, ಅತ್ತೆಮ್ಮ ಮೊರ ಹಿಡಿದು ಕೂತರೆ "ಆ ಹಾಡು ಹಾಕು, ಕಾಳು ಆರ್ಸೋಕೆ ಹೊತ್ತೋಗ್ತದೆ" ಅನ್ನೋರು. ಮಗಳನ್ನು ಬೈಯುವ ಬಾಯಿ ಆ ಮೂರು ನಿಮಿಷ ಮುಚ್ಚಿರುತ್ತಿತ್ತು. ಕೊನೆಗೆ "ನಡೆಯಲಾರೆನು ಇನ್ನು" ಅನ್ನುವ ಸಾಲಿಗೆ ಬರುವ ಹೊತ್ತಿಗೆ ಹಾಡು ಮೆಲ್ಲಗಾಗಿ, ದನಿ ಇಳಿದು ಇಳಿದು, ನೆಲ ಮುಟ್ಟಿದ ಹಾಗೆ ನಿಲ್ಲುತ್ತಿತ್ತು. ರಾಣಿಗೆ ಸುಸ್ತಾಗಿದೆ ಅಂತಲೇ ನಾವೆಲ್ಲ ತಿಳಿದಿದ್ದು. ಅತ್ತೆಮ್ಮ ಅಲ್ಲಿಗೆ ಬಂದಾಗ ಮೂಗು ಒರೆಸಿಕೊಳ್ಳೋರು.

ನನಗೆ ಒಬ್ಬಳೇ ಮಗಳು, ಚೆನ್ನಾಜಿ. ಆಗ ಹದಿನಾಲ್ಕು ವರ್ಷ. ಅವಳೂ ಕೇಳುತ್ತಿದ್ದಳು.

ಮಾರನೇ ವರ್ಷ ಸಂಕ್ರಾಂತಿ ಆದ ಮೇಲೆ ಕಾಡಸಿದ್ದಪ್ಪ ಮೇಷ್ಟ್ರು ಬಂದರು. ಶಿರಾದವರು, ಮಂಗಳೆಯ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ಈಗ ಪ್ಲೇಟಿನ ಕಂಪನಿಗೆ ನುಡಿಸುತ್ತಿದ್ದರು. ಜಗುಲಿ ಮೇಲೆ ಕೂತು ಪಾನಕ ಕುಡಿಯುತ್ತ ಒಳಗಿಂದ ಬರುತ್ತಿದ್ದ ಹಾಡಿಗೆ ಕಿವಿ ಕೊಟ್ಟರು.

"ಪ್ಲೇಟು ನಿಲ್ಸಿ ತಾಯಿ, ಸ್ವಲ್ಪ ಮಾತಾಡೋದೈತೆ."

"ಪ್ಲೇಟಲ್ಲ ಮೇಷ್ಟ್ರೆ, ನನ್ ಮಗಳು. ರಾಗಿ ಬೀಸ್ತಾವ್ಳೆ" ಅಂದೆ.

ಅವರು ಲೋಟ ಕೆಳಗಿಟ್ಟು ಎದ್ದು ಒಳಗೆ ಬಂದೇ ಬಿಟ್ಟರು. ಚೆನ್ನಾಜಿ ಬೀಸುವ ಕಲ್ಲು ಬಿಟ್ಟು ಗೋಡೆಗೆ ಸರಿದು ನಿಂತಳು. ಮೇಷ್ಟ್ರು ಮಂಗಳೆಯ ಕಡೆ ನೋಡಿದರು, ಹುಡುಗಿಯ ಕಡೆ ನೋಡಿದರು. ಎರಡನೇ ಚರಣಕ್ಕೆ ಮೊದಲು ಮಂಗಳೆ ಎಳೆದುಕೊಳ್ಳುವ ಸಣ್ಣ ಉಸಿರು ಕೂಡ ಬಂದಿದೆ ಅಂದರು.

ಅವರು ತಂದಿದ್ದ ಕಾಗದದ ಸಂಗತಿ ಇಷ್ಟು. ರಾಣಿಯ ಹಾಡಿನ ಪ್ಲೇಟು ಒತ್ತುವ ಅಚ್ಚು ಬಿರುಕು ಬಿಟ್ಟಿತ್ತು. ಹಾಡಿಗೆ ಗಿರಾಕಿ ಇನ್ನೂ ಇತ್ತು. ಮದರಾಸಿನಿಂದ ತಂದ ಯಂತ್ರ ಶಿವರಾತ್ರಿ ತನಕ ಬೆಂಗಳೂರಿನಲ್ಲಿರುತ್ತದೆ, ಸರ್ವಮಂಗಳಮ್ಮ ಬಂದು ಅದೇ ಹಾಡು ಇನ್ನೊಂದು ಸಲ ಹಾಡಿಕೊಡಬೇಕು. ಹಾಡಿದರೆ ನೂರಾ ಐವತ್ತು ರೂಪಾಯಿ. ಇಲ್ಲದಿದ್ದರೆ ಬೇರೆ ಯಾರಿಂದಲಾದರೂ ಹಾಡಿಸಿಕೊಳ್ಳುತ್ತಾರೆ, ಹೆಸರೂ ಬೇರೆಯವರದ್ದೇ ಹಾಕುತ್ತಾರೆ.

ಮಂಗಳೆ ಕಾಗದವನ್ನು ಎರಡು ಸಲ ಓದಿ ಮಡಿಸಿದಳು. ಅದರಲ್ಲಿದ್ದ ದುಡ್ಡಿನ ಸಾಲನ್ನು ಅವಳು ನೋಡಿದ ಹಾಗೆ ನನಗೆ ಕಾಣಲಿಲ್ಲ.

"ಚೆನ್ನಾಜಿ ಹಾಡ್ತಾಳೆ. ಹೆಸರು ನಂದಿರ್ಲಿ" ಅಂದಳು.

ಯಜಮಾನರು ಊಟಕ್ಕೆ ಬಂದಾಗ ನಾನು ಹುರುಳಿ ಸಾರು ಬಿಡುತ್ತ ವಿಷಯ ತೆಗೆದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಈ ಮನೆ ಹೆಣ್ಣು ಒಂದು ಹೋಗಿದ್ದು ಸಾಕಾಗ್ಲಿಲ್ವಾ? ನಿಡುಗಲ್ಲಿನವರು ಹುಡುಗಿ ಕೇಳ್ತಾವ್ರೆ. ನಾಳೆ ಅವ್ರ ಕಿವಿಗೆ ಬಿದ್ರೆ?"

"ಏನ್ ಬೀಳ್ತದೆ? ಹೆಸರು ಅವಳ್ದಲ್ಲ ಕಣ್ಲಾ, ಇವಳ್ದು. ಕೆಟ್ಟಿರೋ ಹೆಸ್ರು ಇನ್ನೊಂದ್ಸಲ ಕೆಡಲ್ಲ. ಸುಮ್ಕೆ ಉಣ್ಣು" ಅಂದರು ಅತ್ತೆಮ್ಮ.

ಮಗಳ ಎದುರಿಗೇ ಅಂದರು. ಮಂಗಳೆ ತಲೆ ತಗ್ಗಿಸಿ ಮಜ್ಜಿಗೆ ಕಲೆಸಿಕೊಳ್ಳುತ್ತಿದ್ದಳು, ಕೇಳಿಸಿದ ಹಾಗೆ ಕಾಣಲಿಲ್ಲ.

ಎರಡು ದಿನ ಕಾಯಿಸಿ ಆಮೇಲೆ ಯಜಮಾನರು ಒಪ್ಪಿದರು. ಮಾತು ಒಂದೇ. ಹುಡುಗಿಯ ಹೆಸರು ಯಾವ ಕಾಗದದ ಮೇಲೂ, ಯಾರ ಬಾಯಲ್ಲೂ ಬರಕೂಡದು. ನಾನು ಜತೆಗೆ ಹೋಗಬೇಕು. ಆಯಿತು ಅಂತ ನಾನು ಲಿಂಗ ಮುಟ್ಟಿ ಹೇಳಿದೆ.

ಚೆನ್ನಾಜಿ ಹಿತ್ತಿಲಲ್ಲಿ ನನ್ನ ಹಿಂದೆ ಹಿಂದೆ ಬಂದಳು. "ಅವ್ವಾ, ಪ್ಲೇಟಿನ ಮ್ಯಾಲೆ ನನ್ ಹೆಸ್ರು ಎಲ್ಲಿರ್ತದೆ?"

"ಇರಲ್ಲ."

"ಹಿಂದ್ಗಡೆನಾದ್ರೂ?"

"ಹಿಂದ್ಗಡೆ ಇನ್ನೊಂದು ಹಾಡಿರ್ತದೆ ಕಣಮ್ಮ."

"ಆದ್ರೂ ಒಳಗೆ ನಾನೇ ಅಲ್ವಾ" ಅಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮೂರು ವಾರ ಪಾಠ ನಡೆಯಿತು. ಹುಡುಗಿಗೆ ಹುಣಸೆ ಇಲ್ಲ, ಮಜ್ಜಿಗೆ ಇಲ್ಲ. ಕಾಳುಮೆಣಸು ಕಲ್ಲುಸಕ್ಕರೆ ಕುಟ್ಟಿ ಬಾಯಿಗೆ ಹಾಕುವುದು. ಬೀಸುವುದು, ನೀರು ಸೇದುವುದು ಎರಡೂ ನನ್ನ ಮೈಮೇಲೆ ಬಿತ್ತು. ಅತ್ತೆಮ್ಮ "ಹಸು ಈಯೋವಾಗ್ಲೂ ಇಷ್ಟು ಉಪಚಾರ ಮಾಡ್ಲಿಲ್ಲ" ಅಂತ ಗೊಣಗುತ್ತಲೇ ಕಲ್ಲುಸಕ್ಕರೆಯ ಡಬ್ಬಿ ತೆಗೆದುಕೊಡೋರು. ಮನೆಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಮೇಷ್ಟ್ರು ಬೆಂಗಳೂರಿಗೆ ವಾಪಸು ಹೋಗಿದ್ದರು. ಮಂಗಳೆ ಹುಡುಗಿಯ ಮಗ್ಗುಲಿಗೆ ಕೂತು ಒಂದು ಕೈಯಲ್ಲಿ ತೊಡೆ ಮೇಲೆ ತಾಳ ಹಾಕುತ್ತ, ಇನ್ನೊಂದು ಅಂಗೈ ಅವಳ ಬೆನ್ನಿನ ಮೇಲೆ ಊರಿಕೊಂಡಿರುತ್ತಿದ್ದಳು. ಕಣ್ಣು ಹುಡುಗಿಯ ತುಟಿ ಮೇಲೆ. ಚೆನ್ನಾಜಿ ಕೊನೇ ಸಾಲಿಗೆ ಬಂದು, ನಿಧಾನ ಮಾಡಿ, ದನಿ ಇಳಿಸಿ ಇಳಿಸಿ ನಿಲ್ಲಿಸುವಳು. ಮಂಗಳೆ "ಉಸಿರು ಸರಿಯಾಗಿ ನಿಂತೈತೆ" ಅಂತ ತಲೆಯಾಡಿಸುವಳು. ನಾನು ನೀರಿನ ಬಿಂದಿಗೆ ಇಳಿಸುತ್ತ ಕೇಳುತ್ತಿದ್ದೆ. ನನ್ನ ಕಿವಿಗೂ ಅದು ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ಆ ಹಾಡು ಯಾವಾಗಲೂ ಹಾಗೇ ಮುಗಿಯುತ್ತಿದ್ದದ್ದು.

ಬೆಂಗಳೂರಿನಲ್ಲಿ ಒಂದು ಬಾಡಿಗೆ ಬಂಗಲೆಯಲ್ಲಿ ಯಂತ್ರ ಇಟ್ಟಿದ್ದರು. ಒಂದು ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು, ಕಿಟಕಿಗೂ ಹೊಡೆದಿದ್ದರು. ಒಳಗೆ ಕುದಿಯುತ್ತಿತ್ತು. ಮೇಣದ ಒಂದು ದಪ್ಪ ಬಿಲ್ಲೆ, ರೊಟ್ಟಿ ಕಲ್ಲಿನಷ್ಟು ಅಗಲದ್ದು. ಹಾಡು ಅದರ ಮೇಲೆ ಗೀರಿಕೊಳ್ಳುತ್ತದಂತೆ. ಕೆಂಪು ದೀಪ ಹತ್ತುವುದರೊಳಗೆ ಮುಗಿಸಬೇಕು. ಕಂಪನಿಯ ಮ್ಯಾನೇಜರು ಕನ್ನಡ ಬಲ್ಲವರು. ಮೇಷ್ಟ್ರು ಅವರಿಗೆ ಮೊದಲೇ ವಿಷಯ ತಿಳಿಸಿದ್ದರು. ದನಿ ಅದೇ ಆಗಿದ್ದರೆ ಯಾವ ಬಾಯಿಂದ ಬಂದರೂ ತಮಗೆ ಅಡ್ಡಿಯಿಲ್ಲ ಅಂದರಂತೆ.

ಸದ್ದು ಬೀಳುತ್ತದೆ ಅಂತ ಹುಡುಗಿಯ ಬಳೆ ತೆಗೆಸಿದರು. ಕೊರಳಲ್ಲಿ ಕರಡಿಗೆ ಅಲ್ಲಾಡಿ ಸದ್ದು ಮಾಡುತ್ತಿತ್ತು, ಅದನ್ನೂ ತೆಗೆಯಿರಿ ಅಂದರು. ಅದನ್ನು ತೆಗೆಯೋ ಹಾಗಿಲ್ಲ ಅಂತ ನಾನು ಹೇಳಿದೆ. ಚೆನ್ನಾಜಿ ಲಿಂಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಳು.

ಮೊದಲ ಚರಣ, ಎರಡನೇ ಚರಣ. ಮ್ಯಾನೇಜರು ಮುಗುಳುನಗುತ್ತಿದ್ದರು. ಮಂಗಳೆ ಹುಡುಗಿಯ ತುಟಿ ನೋಡುತ್ತ ತನ್ನ ತುಟಿಯನ್ನೂ ಆಡಿಸುತ್ತಿದ್ದಳು. ಕೊನೇ ಸಾಲು ಬಂತು. ಚೆನ್ನಾಜಿ ನಿಧಾನ ಮಾಡಿದಳು. ದನಿ ಇಳಿಯಿತು. ಹಾರ್ಮೋನಿಯಂ ಇದ್ದಲ್ಲೇ ನಿಂತಿತು, ಇವಳು ಅದನ್ನು ಬಿಟ್ಟು ಕೆಳಗೆ ಕೆಳಗೆ ಹೋದಳು. ಹಾಡು ಮುಗಿಯುವ ಮೊದಲೇ ಕೆಂಪು ದೀಪ ಹತ್ತಿತು.

ಹುಡುಗಿಗೆ ಹೆದರಿಕೆ, ಪರವಾಗಿಲ್ಲ ಅಂದರು ಮ್ಯಾನೇಜರು. ಇನ್ನೊಂದು ಬಿಲ್ಲೆ ಹಾಕಿದರು. ಅದೂ ಹಾಗೇ ಆಯಿತು. ಮೂರನೆಯದಕ್ಕೆ ಮೇಷ್ಟ್ರು ಹಾರ್ಮೋನಿಯಮ್ಮಿನ ಮನೆಗಳನ್ನು ಒತ್ತಿ ಒತ್ತಿ ನುಡಿಸಿದರು. ಹುಡುಗಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವಳು ಹಿಡಿದು ನಿಲ್ಲಲು ನೋಡಿದ್ದು ನನಗೆ ಕಾಣುತ್ತಿತ್ತು. ವರ್ಷದ ಮೇಲೆ ದಿನಾ ಕೇಳಿದ ಹಾಡು ಅವಳನ್ನು ತನ್ನ ಜಾಗಕ್ಕೇ ಎಳೆದುಕೊಂಡು ಹೋಯಿತು.

"ಇಳೀಬೇಡ ಕಣಮ್ಮ, ನನ್ ಹಾರ್ಮೋನಿಯಂ ಕೇಳ್ಕೊ" ಅಂದರು ಮೇಷ್ಟ್ರು.

"ಅತ್ತೆ ಇಳೀತಾಳಲ್ಲ ಮಾಮ."

"ಎಲ್ಲಿ ಇಳೀತಾಳೆ?"

ಕಂಪನಿಯ ಹತ್ತಿರ ಇದ್ದ ಹಳೇ ಪ್ಲೇಟನ್ನು ಅವರ ಒಳ್ಳೇ ಯಂತ್ರದ ಮೇಲೆ ಹಾಕಿದರು. ಹಾಡು ನೆಟ್ಟಗೆ ಹೋಯಿತು. ಕೊನೇ ಸಾಲಿನಲ್ಲೂ ರಾಣಿ ಸುಸ್ತಾಗಲಿಲ್ಲ. ತಲೆ ಎತ್ತಿಕೊಂಡೇ "ನಡೆಯಲಾರೆನು ಇನ್ನು" ಅಂದಳು, ಅಷ್ಟೇ ಎತ್ತರದಲ್ಲಿ ಮುಗಿಸಿದಳು. ಆ ಹಾಡಿನ ಕೊನೆಯನ್ನು ನಾನೂ ನನ್ನ ಮಗಳೂ ಮೊದಲ ಸಲ ಕೇಳಿದ್ದು ಅವತ್ತೇ.

ಸ್ಪ್ರಿಂಗಿನ ವಿಷಯ, ಹದಿನೈದು ಸುತ್ತಿನ ವಿಷಯ ಹೇಳಿದೆ. ಮ್ಯಾನೇಜರು ನಕ್ಕುಬಿಟ್ಟರು. ಕೆಟ್ಟ ನಗೆಯಲ್ಲ, ಆದರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಮಂಗಳೆಯ ಕಡೆ ತಿರುಗಿದರು.

"ಮೂರು ವಾರ ಪಕ್ಕದಾಗೇ ಕೂತಿದ್ಯಲ್ಲಮ್ಮ. ನಿಂಗೆ ಕೇಳಿಸ್ಲಿಲ್ವಾ?"

ಅವಳು ಅವರ ಬಾಯನ್ನು ನೋಡಿದಳು. ಅವರು ಇನ್ನೊಂದು ಸಲ ಕೇಳಿದರು.

"ಕೇಳ್ಸಲ್ಲ ಮೇಷ್ಟ್ರೆ. ಜ್ವರ ಬಂದಾಗಿಂದ ಒಂದು ಕಿವಿ ಪೂರ್ತಿ ಹೋಗೈತೆ. ಇನ್ನೊಂದ್ರಾಗೆ ಬರೀ ಗುಂಯ್ ಅಂತದೆ."

ಪ್ಲೇಟು ಹಾಕಿದಾಗಲೆಲ್ಲ ಅವಳು ಹಿತ್ತಿಲಿಗೆ ಎದ್ದು ಹೋಗುತ್ತಿದ್ದುದು ನೆನಪಾಯಿತು. ಅತ್ತೆಮ್ಮನ ಮಾತಿಗೆ ತಲೆ ಎತ್ತದೆ ಮಜ್ಜಿಗೆ ಕಲೆಸುತ್ತಿದ್ದುದೂ ನೆನಪಾಯಿತು. ದನಿ ಹೋಯಿತೆಂದು ಊರಿಗೆಲ್ಲ ಹೇಳಿಕೊಂಡವಳು ಕಿವಿ ಹೋಗಿದ್ದನ್ನು ಹೆತ್ತ ತಾಯಿಗೂ ಹೇಳಿರಲಿಲ್ಲ.

ಮ್ಯಾನೇಜರು ಕೈಗಡಿಯಾರ ನೋಡಿಕೊಂಡರು. ಇನ್ನೂ ಎರಡು ಬಿಲ್ಲೆ ಬಿಸಿ ಮಾಡಿ ಇಟ್ಟಿದೆ, ಸಂಜೆ ತನಕ ಬೇರೆ ಯಾರೂ ಇಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಹಾಡು ಬಿಡಿ. ಹುಡುಗಿ ದನಿ ಬಹಳ ಚೆನ್ನಾಗಿದೆ. ಅವಳಿಗೆ ಬರೋ ಬೇರೆ ಯಾವುದಾದರೂ ಹಾಡಲಿ. ಅವಳ ಹೆಸರಲ್ಲೇ ಹಾಕೋಣ" ಅಂದರು.

ಮೇಷ್ಟ್ರು ಆ ಮಾತನ್ನು ಮಂಗಳೆಯ ಮುಖಕ್ಕೆ ಮುಖ ಕೊಟ್ಟು ಮತ್ತೊಮ್ಮೆ ಹೇಳಿದರು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅವಳಿಗೆ ಬೇರೆ ಹಾಡು ಬರಲ್ಲ" ಅಂದಳು.

ಚೆನ್ನಾಜಿ ನನ್ನ ಕಡೆ ನೋಡಿದಳು. ರಾಗಿ ಬೀಸುವ ಪದ, ಸೋಬಾನೆ, ನಮ್ಮವ್ವ ಹೇಳಿಕೊಟ್ಟಿದ್ದು, ನಾನು ಹೇಳಿಕೊಟ್ಟಿದ್ದು, ನೂರಕ್ಕೆ ಮೇಲೆ ಬರುತ್ತಿದ್ದವು ಅವಳಿಗೆ. ಎಲ್ಲವನ್ನೂ ನಾನೇ ಬಲ್ಲೆ.

"ಅವ್ವಾ" ಅಂದಳು.

ಯಜಮಾನರಿಗೆ ಕೊಟ್ಟ ಮಾತು, ನಿಡುಗಲ್ಲಿನ ಸಂಬಂಧ, ಎಲ್ಲ ಕಣ್ಣ ಮುಂದೆ ಬಂತು. ಮೂರು ಬಿಲ್ಲೆ ಹಾಳು ಮಾಡಿಸಿದವಳು ನಾನು ಅನ್ನುವ ಅಂಜಿಕೆಯೂ ಇತ್ತು. ನೆಲಕ್ಕೆ ಹಾಸಿದ್ದ ಜಮಖಾನೆ ನೋಡುತ್ತ, "ಹೌದು ಸ್ವಾಮಿ, ಬರಲ್ಲ" ಅಂದೆ.

ಅಷ್ಟೇ. ಮ್ಯಾನೇಜರು ಬಾಗಿಲ ಕಂಬಳಿ ಸರಿಸಿ ಹೊರಗೆ ಹೋದರು.

ಯಂತ್ರದ ಆಳು ಆ ಮೂರು ಬಿಲ್ಲೆಗಳನ್ನು ಒಂದೊಂದಾಗಿ ಅಲಗಿನ ಕೆಳಗೆ ತಿರುಗಿಸಿ ಹೆರೆಯತೊಡಗಿದ. ಮತ್ತೆ ನುಣುಪಾದರೆ ಇನ್ನೊಬ್ಬರ ಹಾಡಿಗೆ ಆಗುತ್ತದೆ. ಹೆರೆದದ್ದು ಶುಂಠಿ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ತಟ್ಟೆಗೆ ಬೀಳುತ್ತಿತ್ತು. ಚೆನ್ನಾಜಿ ಹೋಗಿ ಅವನ ಪಕ್ಕ ನಿಂತಳು.

"ಇದ್ರಾಗೆ ನನ್ ಹಾಡು ಇತ್ತಾ?"

"ಇತ್ತು ತಾಯಿ."

"ಒಂದ್ ಹಿಡಿ ತಗೊಳ್ಲಾ?"

ಅವನು ಕೊಟ್ಟ. ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತುಮಕೂರಿನ ತನಕ ರೈಲಿನಲ್ಲಿ, ಅಲ್ಲಿಂದ ಮೋಟಾರಿನಲ್ಲಿ ಊರಿಗೆ ಬಂದೆವು.

ಮನೆಗೆ ಬಂದಾಗ ಅತ್ತೆಮ್ಮ "ಮುದ್ದೆ ಆರೋಯ್ತದೆ, ಕೈಕಾಲ್ ತೊಳ್ಕೊಳ್ಳಿ" ಅಂದರು. ಆಗಲಿಲ್ಲ ಅಂತ ನಾನು ಹೇಳಿದೆ. ಯಜಮಾನರ ಮುಖದಲ್ಲಿ ಸಮಾಧಾನ ಕಂಡಿತು. ಅವತ್ತು ಮೊದಲ ಸಲ ತಂಗಿಯ ಕಡೆ ನೋಡಿ "ಉಣ್ಣು" ಅಂದರು. ಅವಳಿಗೆ ಕೇಳಲಿಲ್ಲ. ನಾನು ಮೊಣಕೈ ತಿವಿದು ತೋರಿಸಿದೆ.

ಎರಡು ದಿನ ಆದ ಮೇಲೆ ಅತ್ತೆಮ್ಮನ ಕಣ್ಣಿಗೆ ಆ ಗಂಟು ಬಿತ್ತು. ಬಿಚ್ಚಿ, ಬೆರಳಲ್ಲಿ ಹಿಸುಕಿ ನೋಡಿದರು. "ಮೇಣ ಗಟ್ಟಿಯಾಗೈತೆ. ಹರಳೆಣ್ಣೆ ಹಾಕಿ ಕಾಯ್ಸಿದ್ರೆ ಕುಂಕುಮ ನಿಲ್ಸೋಕಾಯ್ತದೆ. ವರ್ಷಗಟ್ಲೆ ಬರ್ತದೆ" ಅಂದರು. ಆಗ ನಮ್ಮಲ್ಲಿ ಹೆಂಗಸರೆಲ್ಲ ಹಣೆಗೆ ಮೊದಲು ಮೇಣ ತೀಡಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ನಾನು ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಚೆನ್ನಾಜಿ ತಾನೇ ಎದ್ದು ಬಾಣಲಿ ತಂದು ಒಲೆ ಮೇಲಿಟ್ಟಳು. ಕರಗಿದ್ದನ್ನು ಒಂದು ಮರದ ಭರಣಿಗೆ ಬಗ್ಗಿಸಿಕೊಂಡಳು. ಅವತ್ತಿನಿಂದ ಬೀಸುವ ಕಲ್ಲಿನ ಮುಂದೆ ಕೂತರೆ ಕಲ್ಲಿನ ಸದ್ದೊಂದೇ ಬರುತ್ತಿತ್ತು. "ಯಾಕೆ, ಬಾಯಿಗೆ ಬೀಗ ಹಾಕ್ಕಂಡ್ಯಾ?" ಅಂತ ಅಜ್ಜಿ ಕೆಣಕಿದರೆ, "ಹಿಟ್ಟು ಬಾಯಿಗೆ ಹೋಯ್ತದೆ ಅಜ್ಜಿ" ಅನ್ನೋಳು.

ಮಂಗಳೆ ಅಂಗಡಿಯ ಹಿಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸ ಹಿಡಿದಳು. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಕೈ ಒರೆಸಿಕೊಂಡು ಬಂದು ಗ್ರಾಮಾಫೋನಿನ ಮುಂದೆ ಕೂತಳು.

"ಅತ್ತಿಗೆ, ಪೂರ್ತಿ ತಿರುಗ್ಸು. ಒಂದೇ ಸಲ. ಪೆಟ್ಗೆಗೆ ಕಿವಿ ಹಚ್ಚಿದ್ರೆ ಗೊತ್ತಾಯ್ತದೇನೋ ನೋಡಣ."

"ಸಾಬರು ಬ್ಯಾಡ ಅಂದವ್ರೆ" ಅಂದೆ. ಅವಳಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿಕೊಳ್ಳಲಿಲ್ಲ. ಆಗಲೇ ಕಣ್ಣು ಮುಚ್ಚಿ, ಎರಡು ಕೈಯಲ್ಲೂ ಪೆಟ್ಟಿಗೆ ತಬ್ಬಿಕೊಂಡು, ಕಿವಿ ಒತ್ತಿ ಕೂತಿದ್ದಳು.

ಹದಿನೈದು ಆಯಿತು. ಹದಿನಾರು, ಹದಿನೇಳು. ಅತ್ತೆಮ್ಮ ಮೊರ ಬಿಟ್ಟು ನೋಡುತ್ತಿದ್ದರು. ಇಪ್ಪತ್ತೆರಡಕ್ಕೆ ಒಳಗೆ ಟಣ್ ಅಂತು, ಕೈಹಿಡಿ ನನ್ನ ಕೈಯಲ್ಲಿ ಸಡಿಲವಾಗಿ ತಿರುಗಿತು.

ಮಂಗಳೆಯ ಅಂಗೈಗೆ ಆ ಅದುರು ಮುಟ್ಟಿರಬೇಕು. ಕಣ್ಣು ಮುಚ್ಚಿಕೊಂಡೇ ನಕ್ಕಳು.

"ಶುರು ಆಯ್ತಾ?"

ನಾನು ಅವಳ ಭುಜ ತಟ್ಟಿ ಹೌದು ಅನ್ನಿಸಿದೆ. ಮುಳ್ಳನ್ನು ಇಳಿಸಿ, ಪ್ಲೇಟಿನ ಮೇಲೆ ತೋರುಬೆರಳು ಇಟ್ಟು ಕೈಯಲ್ಲೇ ತಿರುಗಿಸತೊಡಗಿದೆ. ಹಾಡು ಒಮ್ಮೆ ಕೀರಲಾಗಿ, ಒಮ್ಮೆ ಗೊಗ್ಗರಾಗಿ, ಎಳೆದಾಡುತ್ತ ಬಂತು. ಚೆನ್ನಾಜಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿಬಿಟ್ಟಳು. ಅತ್ತೆಮ್ಮ ಯಾವತ್ತೂ ಮಾತು ನುಂಗಿದವರಲ್ಲ, ಅವತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ನಾನು ಕೊನೇ ಸಾಲಿನ ತನಕ ತಿರುಗಿಸಿದೆ. ಕೈ ಸೋತು ಕೊನೆಯಲ್ಲಿ ನಿಧಾನವಾಯಿತು.

ಮಂಗಳೆ ಕಿವಿ ತೆಗೆದು, "ನೆಟ್ಟಗೆ ಹೋಯ್ತಾ ಅತ್ತಿಗೆ?" ಅಂದಳು.

ಹೋಯಿತು ಅಂತ ತಲೆಯಾಡಿಸಿದೆ. ಅವಳು ಆಮೇಲೆ ನಾಲ್ಕು ವರ್ಷ ಇದ್ದಳು, ಪೆಟ್ಟಿಗೆಯ ಸುದ್ದಿ ಮತ್ತೆ ಎತ್ತಲಿಲ್ಲ.

ಚೆನ್ನಾಜಿಯನ್ನು ಮಾರನೇ ವರ್ಷ ನಿಡುಗಲ್ಲಿಗೇ ಕೊಟ್ಟೆವು. ಒಳ್ಳೇ ಜನ, ಅರ್ಧ ಮಾತು ತೆಲುಗು. ಸೊಸೆ ಮಾತು ಕಡಿಮೆ, ಕೆಲಸ ಜಾಸ್ತಿ ಅಂತ ಬೀಗಿತ್ತಿ ಹೊಗಳಿದರು. ಅವಳು ಹಾಡುತ್ತಿದ್ದಳು ಅನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಭರಣಿಯನ್ನು ಜತೆಗೆ ಒಯ್ದಿದ್ದಳು. ಮೊದಲ ಬಾಣಂತನಕ್ಕೆ ಬಂದಾಗ ಬೆಳಿಗ್ಗೆ ಮುಖ ತೊಳೆದು, ವಿಭೂತಿ ಧರಿಸಿ, ಭರಣಿಯಿಂದ ಅಕ್ಕಿಕಾಳಿನಷ್ಟು ಮೇಣ ತೆಗೆದು ಹಣೆಗೆ ತೀಡುವುದನ್ನು ನೋಡಿದೆ. ಅರ್ಧ ಆಗಿತ್ತು. ಮಗು ಅತ್ತರೆ ತಟ್ಟಿ ಮಲಗಿಸುತ್ತಿದ್ದಳು, ಜೋಗುಳ ಅತ್ತೆಮ್ಮನೇ ಹೇಳಬೇಕಿತ್ತು. ಒಂದು ದಿನ ನಾನು, "ಅವತ್ತು ನಾನು ಹಂಗನ್ನಬಾರ್ದಾಗಿತ್ತು" ಅಂದೆ. "ಯಾವತ್ತವ್ವಾ?" ಅಂದಳು, ಮಗುವಿನ ಬಟ್ಟೆ ಮಡಿಸುತ್ತ. ಅವಳಿಗೆ ಗೊತ್ತಿಲ್ಲದೆ ಅಲ್ಲ.

ಎರಡನೇ ಮಗು ನಡೆಯುವ ಹೊತ್ತಿಗೆ ಪಾವಗಡದ ಮೋಟಾರಿನ ಕಂಡಕ್ಟರು ನಮ್ಮ ಅಂಗಡಿ ಮುಂದೆ ನಿಂತು ಮಗಳು ಹೇಳಿಕಳಿಸಿದ್ದನ್ನು ಒಪ್ಪಿಸಿದ. ಎಲ್ಲರೂ ಚೆನ್ನಾಗಿದ್ದಾರೆ. ಮಗುವಿಗೆ ಹಲ್ಲು ಬಂದಿದೆ. ಭರಣಿಯ ಮೇಣ ಮುಗಿಯಿತಂತೆ, ಇನ್ನು ಅಂಗಡಿಯದೇ ಒಂದಿಷ್ಟು ಕಳಿಸಬೇಕಂತೆ.

ಒಂದಾಣೆ ಜೇನುಮೇಣ ಕಾಗದದಲ್ಲಿ ಕಟ್ಟಿ, ಅದೇ ಮೋಟಾರಿನಲ್ಲಿ ಕಳಿಸಿದೆ.